ಹೊಂದದ ಚೂರುಗಳು

ಒಂದು ಜೀವಿಯ ಜೀನೋಮನ್ನು, ಎಂದರೆ ಅದರ ಇಡೀ ವಂಶವಾಹಿ ಬರಹವನ್ನು, ಗಣಕದಲ್ಲಿ ಜೋಡಿಸುತ್ತಿದ್ದ ಶಿಷ್ಯೆ ನಾಗವೇಣಿ ಕೇಳಿದಳು: "ಗುರುಗಳೇ, ಮಾದರಿಗೆ ಹೊಂದದ ಚೂರುಗಳು ರಾಶಿ ಉಳಿದಿವೆ. ದೋಷವಿದ್ದೀತು, ಅಳಿಸಲೇ ಎಂದು ತಂತ್ರಾಂಶ ಕೇಳುತ್ತಿದೆ. ಹೌದು ಎನ್ನಲೇ?"

"ಮೊದಲು ಗುಂಡಿಯಿಂದ ಬೆರಳು ತೆಗೆ. ಕತೆ ಕೇಳು," ಎಂದರು ಗುರು.

ಕಡಲಂಚಿನ ಊರಿನಲ್ಲಿ ಒಬ್ಬ ರೈತನಿದ್ದ. ಉಬ್ಬರದ ಉಪ್ಪುನೀರು ನುಗ್ಗುವ ಅವನ ಗದ್ದೆಯಲ್ಲೂ ಒಂದು ಭತ್ತ ಬೆಳೆಯುತ್ತಿತ್ತು. ಒಬ್ಬ ವ್ಯಾಪಾರಿ ಆ ಬಯಲನ್ನೆಲ್ಲ ಸಿಗಡಿ ಹೊಂಡ ಮಾಡಲು ಹೊರಟ. ಭತ್ತ ಬೇರೆಲ್ಲೂ ಇಲ್ಲದ ತಳಿಯಾದರೆ ಗದ್ದೆ ಉಳಿಯುತ್ತದೆ, ಮಾಮೂಲಿ ಭತ್ತವಾದರೆ ಹೊಂಡವಾಗುತ್ತದೆ ಎಂದಿತು ಸರ್ಕಾರ. ಪರೀಕ್ಷೆ ಒಬ್ಬ ಸಂಶೋಧಕಿಯ ಪಾಲಿಗೆ ಬಂತು.

ನಿನಗೆ ಗೊತ್ತೇ ಇದೆ, ಜೀನೋಮನ್ನು ಯಂತ್ರ ಇಡಿಯಾಗಿ ಓದಲಾರದು, ಚೂರುಚೂರಾಗಿ ಓದುತ್ತದೆ. ಜೋಡಿಸುವುದು ತಂತ್ರಾಂಶ. ಮಾಮೂಲಿ ಭತ್ತದ ಜೀನೋಮನ್ನು ಮಾದರಿಯಾಗಿ ಕೊಟ್ಟರೆ ಕೆಲಸ ಬೇಗ ಮುಗಿಯುತ್ತದೆ, ಹೊಂದದ ಚೂರು ಕಸಕ್ಕೆ ಹೋಗುತ್ತದೆ. ಅವಳೂ ಮೊದಲು ಹಾಗೆಯೇ ಮಾಡಿದಳು, ಮಾಮೂಲಿ ಭತ್ತವೆಂದೇ ಫಲಿತಾಂಶ ಬಂತು. ಎಲ್ಲರೂ ಮಾಡುವುದು ಅದನ್ನೇ. ಆಮೇಲೆ ಕಸದ ರಾಶಿ ನೋಡಿ ಅವಳಿಗೆ ಸಿಟ್ಟು ಬಂತು, ತನ್ನ ಮೇಲೆಯೇ. ಉಪ್ಪಿನಲ್ಲಿ ಸಾಯುವ ಭತ್ತವನ್ನು ಅಳತೆಗೋಲು ಮಾಡಿಕೊಂಡು, ಉಪ್ಪಿನಲ್ಲಿ ಬದುಕುವ ಭತ್ತವನ್ನು ಅಳೆದಿದ್ದಳು! ಮಾದರಿಯನ್ನು ಬಿಟ್ಟು, ಚೂರಿನ ಅಂಚಿಗೆ ಚೂರಿನ ಅಂಚು ಹೊಂದಿಸಿ ಮತ್ತೆ ಜೋಡಿಸಿದಳು. ತಿಳಿಯದ ಕಡೆ ಖಾಲಿ ಬಿಟ್ಟಳು.

ಸಂಸ್ಥೆಯ ಮುಖ್ಯಸ್ಥ ನೋಡಿ ನಕ್ಕ. "ಇದೇನಮ್ಮ, ಇಲಿ ಕಡಿದ ಕಂಬಳಿ! ಮೊದಲಿನ ಜೋಡಣೆಯೇ ಚೆಂದ ಇತ್ತು. ಅದಕ್ಕೆ ಸಹಿ ಹಾಕು, ಇಲ್ಲ ಕೆಲಸ ಬಿಡು."

"ಕೆಲಸ ಬಿಡುತ್ತೇನೆ ಸಾರ್. ಗೊತ್ತಿಲ್ಲದ್ದನ್ನು ಖಾಲಿ ಬಿಟ್ಟಿದ್ದೇನೆ. ಗೊತ್ತಿರುವುದನ್ನು ಕಸಕ್ಕೆ ಹಾಕಲಾರೆ," ಎಂದಳು ಅವಳು.

ಕೆಲಸ ಹೋಯಿತು. ಅವಳು ತನ್ನ ಜೋಡಣೆಯನ್ನು ತೂತುಗಳ ಸಮೇತ ಸರ್ಕಾರದ ವಿಚಾರಣೆಯಲ್ಲಿ ಎಲ್ಲರೆದುರು ಇಟ್ಟಳು. ಬೇಕಾದರೆ ನೀವೇ ಪರೀಕ್ಷಿಸಿ ಎಂದಳು. ಪರೀಕ್ಷಿಸಿದರು. ಗದ್ದೆಯ ಯಾವ ಮೂಲೆಯ ಸಸಿ ಕಿತ್ತು ತಂದರೂ ಕಸದಲ್ಲಿದ್ದ ಅದೇ ಚೂರುಗಳು ಸಿಕ್ಕವು. ಮಾಮೂಲಿ ಭತ್ತದಲ್ಲಿ ಅವು ಇರಲಿಲ್ಲ. ವ್ಯಾಪಾರಿ ಬಂದ ದಾರಿಗೆ ಸುಂಕವಿಲ್ಲವೆಂದು ಹಿಂದಿರುಗಿದ. ಸಂಸ್ಥೆ ಮಾತ್ರ ಅವಳನ್ನು ಮತ್ತೆ ಕರೆಯಲಿಲ್ಲ. ಅವಳೂ ಕೇಳಲು ಹೋಗಲಿಲ್ಲ.

ಕತೆ ಮುಗಿದರೂ ನಾಗವೇಣಿಗೆ ಸಮಾಧಾನವಾಗಲಿಲ್ಲ. "ಆದರೂ ಗುರುಗಳೇ, ತಂತ್ರಾಂಶ ಅದನ್ನು ದೋಷ ಅನ್ನುತ್ತದಲ್ಲ?"

"ಹಾಗಾದರೆ ಅಳಿಸು, ಅದಕ್ಕೆ ಮುಂಚೆ ಆ ಗದ್ದೆಯ ಬದುವಿನ ಮೇಲೆ ನಿಂತು, ಉಪ್ಪುನೀರಿನಲ್ಲಿ ಬದುಕಿದ್ದು ನಿನ್ನ ತಪ್ಪು ಎಂದು ಆ ಭತ್ತಕ್ಕೆ ಹೇಳಿ ಬಾ," ಎಂದರು ಗುರು.