ಹನ್ನೊಂದು ದಿನ ನಿಂತ ತಿಗರಿ

ಶಿಷ್ಯೆಯೊಬ್ಬಳು ಗುರುವನ್ನು ಕೇಳಿದಳು: "ಗುರುಗಳೇ, ಒಂದು ಸಲ ಕಂಡದ್ದನ್ನು ನಂಬಬೇಡ ಎನ್ನುತ್ತೀರಿ. ಒಪ್ಪಿದೆ. ಹತ್ತು ವರ್ಷ ತಪ್ಪದೆ ಕಂಡದ್ದನ್ನೂ ನಂಬಬಾರದೇ?"

ಗುರು ಒಂದು ಕತೆ ಹೇಳತೊಡಗಿದರು.

ಒಂದು ಪೇಟೆಯಲ್ಲಿ ಒಬ್ಬ ವ್ಯಾಪಾರಿಯಿದ್ದ. ಕುಂಬಾರರ ಬೀದಿಯಿಂದ ನೀರಿನ ಮಡಕೆಗಳನ್ನು ತಂದು ಮಾರುತ್ತಿದ್ದ. ಅವನು ಸೋಮಾರಿಯಲ್ಲ, ಮೋಸಗಾರನೂ ಅಲ್ಲ. ಬೆಲೆ ಎಷ್ಟಿತ್ತು, ಎಷ್ಟು ಮಡಕೆ ಹೋದವು ಎಂದು ದಿನವೂ ಗಮನಿಸುತ್ತಿದ್ದ. ಚಳಿಗಾಲದಲ್ಲಿ ಮಡಕೆಗೆ ಎರಡು ಕಾಸು; ದಿನಕ್ಕೆ ಹತ್ತು ಹೋಗುತ್ತಿದ್ದವು. ಬೇಸಿಗೆಯಲ್ಲಿ ಆರು ಕಾಸು. ದಿನಕ್ಕೆ ಅರವತ್ತು ಹೋಗುತ್ತಿದ್ದವು. ಹತ್ತು ವರ್ಷವೂ ಹೀಗೆಯೇ ಆಯಿತು. ಬೆಲೆ ಏರಿದಷ್ಟೂ ಜನ ಹೆಚ್ಚು ಕೊಳ್ಳುತ್ತಾರೆ ಎಂದು ಅವನು ತೀರ್ಮಾನಿಸಿದ.

ಅವನಿಗೆ ಒಂದು ಹೊಲವಿತ್ತು. ಮನೆಯವರು ಉಣ್ಣುವ ಅನ್ನ ಅದರಿಂದಲೇ ಬರುತ್ತಿತ್ತು. ಅದನ್ನು ಮಾರಿ, ಬರುವ ಬೇಸಿಗೆಯ ಮಡಕೆಗಳನ್ನೆಲ್ಲ ತಾನೊಬ್ಬನೇ ಕೊಂಡು, ಹನ್ನೆರಡು ಕಾಸಿನಂತೆ ಮಾರುವುದೆಂದು ಯೋಚಿಸಿದ. ಹೆಂಡತಿ ಬೇಡವೆಂದಳು. "ಹತ್ತು ವರ್ಷ ಅಂಗಡಿಯಲ್ಲಿ ಕೂತವನು ನಾನೋ ನೀನೋ?" ಎಂದ. ಹೊಲ ಕೊಳ್ಳುವವನೂ ಸಿಕ್ಕಿದ. ಮರುದಿನ ಪತ್ರ ಬರೆಸುವುದಿತ್ತು.

ಅಂದು ವ್ಯಾಪಾರಿ ಕುಂಬಾರರ ಹಿರಿಯನ ಬಳಿಗೆ ಹೋಗಿ ವಿಷಯ ತಿಳಿಸಿದ. ಮುದುಕ ತಿರುಗುತ್ತಿದ್ದ ತಿಗರಿ ಚಕ್ರದಿಂದ ಕೈ ತೆಗೆದ.

"ಶೆಟ್ಟರೇ, ನೀವು ಮಾರೋದು ಮಡಕೆಯನ್ನೋ, ಬಾಯಾರಿಕೆಯನ್ನೋ?"

"ತಮಾಷೆ ಬೇಡ ಅಜ್ಜ. ಹತ್ತು ವರ್ಷದ ಲೆಕ್ಕ ಇದೆ ನನ್ನ ತಲೆಯಲ್ಲಿ."

"ಇರಲಿ. ಬೇಸಿಗೆಯಲ್ಲಿ ಬೆಲೆ ಏರಿಸಿದ್ದು ಯಾರು?"

"ಬಿಸಿಲು."

"ಜನರನ್ನು ನಿಮ್ಮ ಅಂಗಡಿಗೆ ಕರೆದು ತಂದದ್ದು?"

"ಅದೂ ಬಿಸಿಲೇ."

"ನಿಮ್ಮ ಲೆಕ್ಕ ಸುಳ್ಳಲ್ಲ ಶೆಟ್ಟರೇ. ಆದರೆ ಅದು ನಮ್ಮ ಲೆಕ್ಕ. ಎರಡು ಕಾಸಿನ ಕಾಲಕ್ಕೆ ನಾವು ನಿಮ್ಮ ಅಂಗಡಿಗೆ ಹತ್ತು ಮಡಕೆ ಮಾಡಿ ಕೈ ತೊಳೆದುಕೊಳ್ಳುತ್ತೇವೆ. ಆರು ಕಾಸು ಎಂದರೆ ಮನೆಮಂದಿಯೆಲ್ಲ ಮಣ್ಣು ತುಳಿದು ಅರವತ್ತು ಮಾಡುತ್ತೇವೆ. ಕುಂಬಾರರ ಕೈಯನ್ನು ನೋಡಿ, ಕೊಳ್ಳುವವರ ಮನಸ್ಸು ಎಂದುಕೊಂಡಿರಿ."

ವ್ಯಾಪಾರಿಗೆ ಸಿಟ್ಟು ಬಂತು. "ಹಾಗಾದರೆ ಕೊಳ್ಳುವವರ ಮನಸ್ಸು ಎಲ್ಲಿ ಕಾಣುತ್ತದೆ, ನೀನೇ ಹೇಳು."

"ಬಿಸಿಲು ನಿನ್ನೆಯಷ್ಟೇ ಇದ್ದು ಬೆಲೆ ಮಾತ್ರ ಏರಿದ ದಿನ ಯಾವುದಾದರೂ ಇದೆಯೇ?"

ವ್ಯಾಪಾರಿ ನೆನಪು ಮಾಡಿಕೊಂಡ. "ಒಂದು ಬೇಸಿಗೆಯಲ್ಲಿ ಮೂರು ದಿನ ಮಳೆ ಹೊಡೆಯಿತು. ನಿಮ್ಮ ಹಸಿ ಮಡಕೆಗಳೆಲ್ಲ ಕರಗಿದವು. ಬೆಲೆ ಏರಿತು, ವ್ಯಾಪಾರ ಇಳಿಯಿತು."

"ಅದು ನಡೆಯೋದಿಲ್ಲ. ಆ ಮಳೆ ನಮ್ಮ ಅಂಗಳಕ್ಕೂ ಬಿತ್ತು, ಕೊಳ್ಳುವವರ ಗಂಟಲಿಗೂ ಬಿತ್ತು. ನಮ್ಮ ಬೀದಿಯಲ್ಲಿ ಏನೋ ಆಗಿರಬೇಕು, ಅವರ ಮನೆಗಳಲ್ಲಿ ಏನೂ ಆಗಿರಬಾರದು. ಅಂಥ ದಿನ ಹೇಳಿ."

ವ್ಯಾಪಾರಿ ಬೆರಳು ಮಡಚುತ್ತ ಒಂದೊಂದೇ ವರ್ಷ ಎಣಿಸಿದ.

"ಒಂದು ಸಲ ಆಗಿತ್ತು. ಆರು ವರ್ಷದ ಹಿಂದೆ. ಬಿಸಿಲು ಸುಡುತ್ತಿತ್ತು. ಹನ್ನೊಂದು ದಿನ ನಿಮ್ಮ ಬೀದಿಯಿಂದ ಒಂದು ಮಡಕೆಯೂ ಬರಲಿಲ್ಲ. ನೀವೆಲ್ಲ ಸೇರಿ ಹಟ ಹಿಡಿದಿದ್ದೀರಿ ಎಂದುಕೊಂಡೆ. ಅವು ಕೆಟ್ಟ ದಿನಗಳು ಅಜ್ಜ, ಅವನ್ನು ನಾನು ಲೆಕ್ಕಕ್ಕೇ ಹಿಡಿದಿಲ್ಲ."

ಮುದುಕ ಕೈಗೆ ಅಂಟಿದ ಮಣ್ಣನ್ನು ಒರೆಸಿಕೊಂಡ. ಆಮೇಲೆ ಹೇಳಿದ: "ಅವನ್ನೇ ಹಿಡಿಯಿರಿ. ಆಗ ನಿಮ್ಮ ಹತ್ತಿರ ಮಡಕೆ ಇರಲಿಲ್ಲವೇ?"

"ಇದ್ದವು. ಹಿಂದಿನ ತಿಂಗಳು ತಂದವು ಮನೆ ತುಂಬ ಇದ್ದವು. ಬೇರೆ ಅಂಗಡಿಗಳಲ್ಲಿ ಮುಗಿದಿದ್ದರಿಂದ ಹತ್ತು ಕಾಸು ಹೇಳಿದೆ."

"ಎಷ್ಟು ಹೋದವು?"

"ದಿನಕ್ಕೆ ಇಪ್ಪತ್ತು."

"ಉಳಿದವರು?"

"ಕೈಯಲ್ಲಿ ಹಿಡಿದು, ಬೆರಳಿನಿಂದ ಬಡಿದು, ಬೆಲೆ ಕೇಳಿ, ಕೆಳಗಿಟ್ಟು ಹೋದರು. ಮನೆಯಲ್ಲಿದ್ದ ಬಿರುಕು ಮಡಕೆಗೆ ಮೇಣ ಮೆತ್ತಿಕೊಂಡರು. ಕೆಲವರು ತಾಮ್ರದ ಬಿಂದಿಗೆಗೆ ಒದ್ದೆ ಬಟ್ಟೆ ಸುತ್ತಿಟ್ಟರು."

ಇಷ್ಟು ಹೇಳುವಷ್ಟರಲ್ಲಿ ವ್ಯಾಪಾರಿಗೆ ಲೆಕ್ಕ ಹೊಳೆದಿತ್ತು. ಹತ್ತು ಕಾಸಿಗೇ ಇಪ್ಪತ್ತು. ಹನ್ನೆರಡಕ್ಕೆ ಇನ್ನೆಷ್ಟು? ಬೀದಿಯ ಮಡಕೆಗಳೆಲ್ಲ ಅವನ ಮನೆಯಲ್ಲೇ ಉಳಿಯುತ್ತಿದ್ದವು. ಹೊಲ ಬೇರೆಯವನದಾಗುತ್ತಿತ್ತು.

ಅವನು ಎದ್ದು ನಿಂತ. ಬಾಗಿಲ ತನಕ ಹೋದವನು ತಿರುಗಿ ಕೇಳಿದ: "ಅಜ್ಜ, ಆಗ ನೀವು ತಿಗರಿ ನಿಲ್ಲಿಸಿದ್ದು ಯಾಕೆ?"

"ನನ್ನ ಮಗ ತೀರಿಕೊಂಡಿದ್ದ. ಬೀದಿಯವರೆಲ್ಲ ಒಂದೇ ಬಳಗ. ಸೂತಕ ಕಳೆಯುವ ತನಕ ನಮ್ಮಲ್ಲಿ ಯಾರೂ ತಿಗರಿ ಮುಟ್ಟುವುದಿಲ್ಲ."

ವ್ಯಾಪಾರಿ ಕೈ ಮುಗಿದು ಹೊರಟ. ಮರುದಿನ ಪತ್ರ ಬರೆಸಲು ಅವನು ಹೋಗಲಿಲ್ಲ.

ಗುರು ಕತೆ ನಿಲ್ಲಿಸಿದರು.

ಶಿಷ್ಯೆ ಕೇಳಿದಳು: "ಹೊಲ ಉಳಿಯಿತು, ಸಂತೋಷ. ಆದರೆ ಗುರುಗಳೇ, ಆ ಹನ್ನೊಂದು ದಿನಗಳೂ ಅವನ ಕಣ್ಣೆದುರಿಗೇ ಕಳೆದಿದ್ದವಲ್ಲ. ಅಷ್ಟು ಗಮನಿಸುವವನಿಗೆ ಅವು ಆರು ವರ್ಷ ಕಾಣದೆ ಹೋದದ್ದು ಹೇಗೆ?"

ಗುರು ಹೇಳಿದರು: "ಕಂಡಿದ್ದವು ತಾಯಿ. ಆದರೆ ಎರಡು ಬೀದಿ ನಡೆದು ಹೋಗಿ 'ಏನಾಯಿತಪ್ಪ?' ಎಂದು ಅವನು ಕೇಳಿರಲಿಲ್ಲ."