ಅರೆಚಂದ್ರನ ಗುಡ್ಡ

ಹೊಂಗೆಪಾಳ್ಯದ ಪಡುವಣಕ್ಕೆ ಒಂದು ಬೋಳು ಗುಡ್ಡವಿದೆ. ಅದನ್ನು ಅರೆಚಂದ್ರನ ಗುಡ್ಡ ಎನ್ನುತ್ತಾರೆ. ಮಗುಚಿಟ್ಟ ಕಡಾಯಿಯ ಹಾಗಿರುವ ಅದು ಯಾವ ದಿಕ್ಕಿನಿಂದ ನೋಡಿದರೂ ಚಂದ್ರನನ್ನು ಹೋಲುವುದಿಲ್ಲ. ಹೊಸದಾಗಿ ಬಂದವರು ತಲೆಗೊಂದು ಊಹೆ ಮಾಡುತ್ತಾರೆ. ಯಾವನೋ ಪಾಳೆಯಗಾರನ ಬಾವುಟದಲ್ಲಿ ಚಂದ್ರನಿದ್ದನೆಂದು ಬರೆದಿಟ್ಟ ಮಹನೀಯರೂ ಇದ್ದಾರೆ. ಊರವರು ಅದನ್ನೆಲ್ಲ ಕೇಳಿ ನಕ್ಕು ಸುಮ್ಮನಾಗುತ್ತಾರೆ. ಆ ಹೆಸರು ಬಂದದ್ದು ಉಪದೇಶಿ ಇನ್ನಾಸಪ್ಪನಿಂದ, ಅವನು ತಲೆ ತಗ್ಗಿಸಿ ನಿಂತ ಒಂದು ಬೆಳಗಿನಿಂದ.

ಹಿಂದೆ ಒಮ್ಮೆ, ಈ ಸೀಮೆಗೆ ಗಾಡಿದಾರಿಯೂ ಇಲ್ಲದ ಕಾಲದಲ್ಲಿ, ಕ್ರೈಸ್ತ ಗುರುಗಳು ಹೊಂಗೆಪಾಳ್ಯಕ್ಕೆ ಬರುತ್ತಿದ್ದುದು ವರ್ಷಕ್ಕೆ ಎರಡೇ ಸಲ. ಉಳಿದ ದಿನಗಳಲ್ಲಿ ಪ್ರಾರ್ಥನೆ ನಡೆಸುವುದು, ಜಪ ಕಲಿಸುವುದು, ಯಾವ ಹಬ್ಬ ಯಾವಾಗ ಎಂದು ಹೇಳುವುದು ಎಲ್ಲವೂ ಉಪದೇಶಿಯ ಪಾಲಿಗೆ. ಕ್ರಿಸ್ತಜಯಂತಿಯದೇನೂ ತೊಂದರೆಯಿಲ್ಲ, ಅದು ಒಂದೇ ತಾರೀಖಿಗೆ ಬರುತ್ತದೆ. ಯೇಸುಸ್ವಾಮಿ ಪುನರುತ್ಥಾನರಾದ ಪಾಸ್ಕ ಹಬ್ಬ ಹಾಗಲ್ಲ, ಬೇಸಿಗೆಯ ಹುಣ್ಣಿಮೆ ಕಳೆದ ಮೇಲಿನ ಭಾನುವಾರ ಅದು. ಗುರುಗಳು ಮುಂಚೆಯೇ ತಿಳಿಸಿಹೋದ ಬೂದಿ ಬುಧವಾರದಂದು ಉಪವಾಸದ ತಪಸ್ಸುಕಾಲ ಹಿಡಿಯುತ್ತಿತ್ತು. ಅಂದು ಇನ್ನಾಸಪ್ಪ ಒಂದು ಕುಡಿಕೆಗೆ ಏಳು ಹೊಂಗೆಬೀಜ ಹಾಕಿ, ಭಾನುವಾರಕ್ಕೊಂದರಂತೆ ತೆಗೆಯುತ್ತಿದ್ದ. ಕೊನೆಯ ಬೀಜ ಕೈಗೆ ಬಂದ ದಿನ ಉಪವಾಸ ಮುಗಿದು ಪಾಸ್ಕ. ಇಪ್ಪತ್ತಾರು ವರ್ಷ ಅವನ ಎಣಿಕೆ ತಪ್ಪಿರಲಿಲ್ಲ, ಅದನ್ನು ಅವನು ಯಾರಿಗೂ ಮರೆಯಗೊಟ್ಟಿರಲಿಲ್ಲ. ತಪ್ಪಿದ ದಿನ ದೇವಾಲಯದ ಬೀಗದ ಕೈಯನ್ನು ಸೊಂಟದಿಂದ ಬಿಚ್ಚಿಕೊಟ್ಟು ಹೋಗುತ್ತೇನೆಂದು ಹತ್ತು ಜನರೆದುರು ಹೇಳುತ್ತಿದ್ದ. ಆ ಕೆಲಸವೇ ಅವನ ಬದುಕು. ಪರರ ತಪ್ಪನ್ನೂ ಅವನು ಬಿಡುವವನಲ್ಲ. ಕುರಿ ಕಾಯುವ ಚಿನ್ನಪ್ಪ ಉಪವಾಸದಲ್ಲಿ ಬಾಡು ತಿಂದನೆಂದು ಇಡೀ ಊರಿನೆದುರು ಅವನನ್ನು ಮೊಣಕಾಲೂರಿಸಿದ್ದ.

ಒಂದು ವರ್ಷ ತಪಸ್ಸುಕಾಲದ ಮೂರನೆಯ ಭಾನುವಾರ ಕಳೆದ ಮಾರನೆಯ ದಿನ, ಉಪ್ಪು ಹೊತ್ತು ಮಾರುವವನೊಬ್ಬ ಗುಡ್ಡದ ಬುಡದಲ್ಲಿ ವಾಂತಿಭೇದಿಯಾಗಿ ಬಿದ್ದ. ಊರೇನು, ಹೆಸರೇನು ಯಾರಿಗೂ ಗೊತ್ತಿಲ್ಲ. ಆ ರೋಗದ ಹೆಸರು ಕೇಳಿಯೇ ಜನ ಬಾಗಿಲು ಹಾಕಿಕೊಂಡರು. ಇನ್ನಾಸಪ್ಪ ಮಾತ್ರ ಹೋಗಿ ಅವನನ್ನು ಅಲ್ಲಿದ್ದ ಮುರುಕು ಗುಡಿಸಲಿಗೆ ಎಳೆದು ಹಾಕಿ, ತಾನೂ ಅಲ್ಲೇ ಉಳಿದ. ಊರವರು ದೂರದ ಕಲ್ಲಿನ ಮೇಲೆ ಗಂಜಿ ಇಟ್ಟು ಹಿಂದಿರುಗಿ ನೋಡದೆ ಬರುತ್ತಿದ್ದರು. ಹನ್ನೊಂದು ದಿನ ಬಟ್ಟೆ ಒಗೆದು, ನೀರು ಕುಡಿಸಿ, ಮೈ ಒರೆಸಿದ. ಅದರ ನಡುವೆ ಒಂದು ಭಾನುವಾರ ಬಂದು ಹೋದದ್ದು ಅವನ ಗಮನಕ್ಕೇ ಬರಲಿಲ್ಲ. ಉಪ್ಪಿನವನು ಬದುಕಿದ, ಎದ್ದು ಕೈಮುಗಿದು ತನ್ನ ದಾರಿ ಹಿಡಿದ.

ಇನ್ನಾಸಪ್ಪ ಮನೆಗೆ ಬಂದು ಕುಡಿಕೆ ನೋಡಿದ. ನಾಲ್ಕು ಬೀಜಗಳಿದ್ದವು, ಇರಬೇಕಾದದ್ದು ಮೂರು. ತನ್ನ ನೆನಪಿಗಿಂತ ಕುಡಿಕೆಯ ಮೇಲೆ ಅವನಿಗೆ ಹೆಚ್ಚು ನಂಬಿಕೆ, ಹಾಗಾಗಿ ಅನುಮಾನ ಬರಲಿಲ್ಲ. ಬಳಲಿಕೆಗೆ ಹೊತ್ತು ಮುಳುಗುವ ಮೊದಲೇ ಮಲಗುತ್ತಿದ್ದ, ಹುಣ್ಣಿಮೆಯನ್ನೂ ಕಾಣಲಿಲ್ಲ. ನಿಜವಾದ ಪಾಸ್ಕದ ದಿನ ಊರವರನ್ನು ಕೂಡಿಸಿ, ಇಂದು ಪಾಸ್ಕದ ಹಿಂದಿನ ಗರಿಗಳ ಭಾನುವಾರ, ಇನ್ನೊಂದು ವಾರ ಉಪವಾಸ ಎಂದು ಸಾರಿದ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಒಬ್ಬೊಬ್ಬರಾಗಿ ಬಂದು ಅವನ ಕೈಯಿಂದ ಗರಿ ತೆಗೆದುಕೊಂಡು ಹೋದರು.

ಮುಂದಿನ ಭಾನುವಾರ ಬೆಳಕು ಹರಿಯುವಾಗ ಪಾಸ್ಕದ ಪ್ರಾರ್ಥನೆಗೆ ಊರೆಲ್ಲ ಗುಡ್ಡದ ಮೇಲೆ ಸೇರಿತು. ತಪಸ್ಸುಕಾಲವಿಡೀ ಬಾಯಿಗೆ ಬಾರದ ಅಲ್ಲೇಲೂಯದ ಪದವನ್ನು ಎತ್ತಿ ಹಾಡಬೇಕೆಂದು ಇನ್ನಾಸಪ್ಪ ತಲೆಯೆತ್ತಿದ. ನೆತ್ತಿಯಿಂದ ಕೊಂಚ ದಕ್ಷಿಣಕ್ಕೆ ಅರ್ಧ ಕರಗಿದ ಚಂದ್ರ ನಿಂತಿದ್ದ. ಹುಣ್ಣಿಮೆ ಕಳೆದು ಎಂಟು ದಿನವಾಗಿದೆ ಎಂದು ಹೇಳಲು ಯಾರೂ ಬೇಕಾಗಿರಲಿಲ್ಲ. ಪಾಸ್ಕ ಹೋದ ಭಾನುವಾರವೇ ಆಗಿಹೋಗಿತ್ತು. ಬೀಗದ ಕೈ ಬಿಚ್ಚಿ, ಎದುರಿಗೆ ನಿಂತಿದ್ದ ಚಿನ್ನಪ್ಪನ ಕಡೆಗೆ ಚಾಚಿ, ನಿಮಗೆ ಗೊತ್ತಿತ್ತೇ ಎಂದು ಮೆಲ್ಲಗೆ ಕೇಳಿದ.

“ಹುಣ್ಣಿಮೆ ಕಾಣ್ದೇ ಇರಕ್ಕೆ ನಾವೇನ್ ಕುರುಡ್ರಾ, ಉಪದೇಶಿಗಳೇ?” ಎಂದ ಚಿನ್ನಪ್ಪ. “ಹನ್ನೊಂದ್ ದಿನ ಗುರ್ತಿಲ್ದೋನ ಹೊಲಸು ಬಳುದ್ರಿ. ನಾವು ಗಂಜಿ ಮಡಗಿ ಓಡ್ಬಂದೋರು. ಇನ್ನೊಂದ್ ವಾರ ಬಾಯಿ ಕಟ್ಟಿದ್ರೆ ಸತ್ತೋಯ್ತೀವಾ? ಅದ್ನ ಸೊಂಟಕ್ಕೆ ಸಿಗಸ್ಕಳಿ. ಪದ ಹೇಳಿ.”

ಹೇಳಲು ಇನ್ನಾಸಪ್ಪನಿಗೆ ಆಗಲಿಲ್ಲ. ನಾಚಿಕೆಗೂ ಸಂತೋಷಕ್ಕೂ ಒಟ್ಟಿಗೇ ಅಳು ಬಂದಿತ್ತು. ಚಿನ್ನಪ್ಪನೇ ಕುರಿಗಳನ್ನು ಕೂಗಿ ಕರೆಯುವ ದೊಡ್ಡ ಗಂಟಲಿನಲ್ಲಿ ಅಲ್ಲೇಲೂಯ ಎತ್ತಿದ, ಊರೆಲ್ಲ ಹಿಡಿದುಕೊಂಡು ಹಾಡಿತು.

ಮಳೆ ಹಿಡಿದ ಮೇಲೆ ಗುರುಗಳು ಬಂದಾಗ ಇನ್ನಾಸಪ್ಪ ತಾನೇ ಮುಂದಾಗಿ ಎಲ್ಲವನ್ನೂ ಹೇಳಿಕೊಂಡನೆನ್ನುತ್ತಾರೆ. ಅವರು ಗದರಿದರೋ ನಕ್ಕರೋ ಯಾರಿಗೂ ತಿಳಿಯದು, ಬೀಗದ ಕೈಯಂತೂ ಅವನ ಬಳಿಯೇ ಉಳಿಯಿತು. ಈಗಲೂ ಪಾಸ್ಕ ಕಳೆದ ಮುಂದಿನ ಭಾನುವಾರ ಊರವರು ಅಡುಗೆ ಹೊತ್ತು ಗುಡ್ಡ ಹತ್ತುತ್ತಾರೆ. ಅಂದು ಅಲ್ಲಿಗೆ ಬಂದ ಅಪರಿಚಿತರಿಗೆ ಮೊದಲ ಎಲೆ ಹಾಕುತ್ತಾರೆ, ಹೆಸರು ಕೇಳುವುದಿಲ್ಲ. ಊಟವಾದ ಮೇಲೆ ನೆತ್ತಿಯ ಬಂಡೆ ತೋರಿಸುತ್ತಾರೆ. ಅದರ ಮೇಲೆ ಒಂದು ಅರ್ಧ ಚಂದ್ರ, ಅದರ ಕೆಳಗೆ ಓರೆಕೋರೆಯಾದ ಎರಡು ಸಾಲು. ಕೆತ್ತಿದವನು ಇನ್ನಾಸಪ್ಪನೇ. “ಇನ್ನಾಸಪ್ಪನು ಇಲ್ಲಿ ಎಣಿಕೆ ತಪ್ಪಿದನು. ಊರವರು ಹಸಿದುಕೊಂಡು ಕಾದರು.”