ಸುಟ್ಟುಹೋದ ಅರ್ಧ ಓಲೆ

"ಕೇಳಿರಯ್ಯಾ ಕೇಳಿ. ರಾಜಕುಮಾರಿ ಕನಕಾಂಬೆಯ ಮೂರು ಒಗಟು ಬಿಡಿಸಿದವನಿಗೆ ಅವಳನ್ನು ಧಾರೆಯೆರೆದು ಕೊಟ್ಟು, ಕೇಳಿದ ವರವನ್ನೂ ಕೊಡಲಾಗುವುದು. ಒಂದು ತಪ್ಪಿದರೂ ತಲೆ ಹೋಗುವುದು, ಕೋಠಿಯಲ್ಲಿಟ್ಟ ಹಣವೆಲ್ಲ ಅರಸರ ಬೊಕ್ಕಸಕ್ಕೆ ಸೇರುವುದು. ಸ್ವದೇಶಿ ಪರದೇಶಿ ಎಂಬ ಭೇದವಿಲ್ಲ."

ತಾರಾಪಟ್ಟಣದ ಬಂದರಿನಲ್ಲಿ ಡಂಗುರದವನು ಹೀಗೆ ಸಾರಿಕೊಂಡು ಹೋದಾಗ ಮಾಳಿಂಗ ಉಣ್ಣೆಯ ಮೂಟೆ ಹೊತ್ತು ನಿಂತಿದ್ದ. ಭೇದವಿಲ್ಲ ಎಂಬ ಮಾತಿಗೆ ಅವನಿಗೆ ನಗು ಬಂತು. ಮೂರು ವರ್ಷದಲ್ಲಿ ಆ ಊರು ಅವನನ್ನು ತನ್ನವರ ಸಮ ಮಾಡಿದ್ದು ಇದೊಂದರಲ್ಲೇ, ಅದೂ ತಲೆ ಕಡಿಯುವ ವಿಚಾರದಲ್ಲಿ.

ಕುರಿ ಕಾಯುವ ಸೀಮೆಯಿಂದ ಕಡಲು ದಾಟಿ ಬಂದವನು ಅವನು. ಅವನ ಹಡಗಿನ ಬಾಡಿಗೆಗೆಂದು ತಂಗಿ ಸಿದ್ದವ್ವ ಊರಿನ ಒಡೆಯನ ಮನೆಯಲ್ಲಿ ಜೀತಕ್ಕೆ ನಿಂತಿದ್ದಳು. ತೊಂಬತ್ತು ವರಹ ಮುಟ್ಟಿಸಿದರೆ ಅವಳಿಗೆ ಬಿಡುಗಡೆ. ಮಾಳಿಂಗ ಅರೆಹೊಟ್ಟೆ ಉಂಡು ಅಷ್ಟನ್ನೂ ಕೂಡಿಸಿ ತಾರಾಪಟ್ಟಣದ ಹಣದ ಕೋಠಿಯಲ್ಲಿಟ್ಟಿದ್ದ. ಆ ಕೋಠಿಯ ಪದ್ಧತಿಯೇ ಬೇರೆ. ಪರದೇಶಿ ಹಣವಿಟ್ಟರೆ ಒಂದು ಓಲೆ ಬರೆದು ನಡುವೆ ಸೀಳುತ್ತಿದ್ದರು. ಅರ್ಧ ಅವನಿಗೆ, ಇನ್ನರ್ಧ ಅವನಿಗೆ ಜಾಮೀನು ನಿಂತ ಊರವನಿಗೆ. ಎರಡೂ ಕೂಡಿದರೆ ಮಾತ್ರ ಹಣ ವಾಪಸು.

ಹೊಸಬರೆಲ್ಲ ಮಾಡುವ ತಪ್ಪನ್ನೇ ಮಾಳಿಂಗನೂ ಮಾಡಿದ. ಜಾಮೀನಿಗೆ ಗಟ್ಟಿಮುಟ್ಟಾದವನನ್ನು ಹುಡುಕುವ ಬದಲು ಒಳ್ಳೆಯವನನ್ನು ಹುಡುಕಿದ. ಮಗ್ಗದ ಮುದುಕ ಪೊನ್ನಯ್ಯ ಬಹಳ ಒಳ್ಳೆಯವನು, ಆದರೆ ಒಂದು ಮುಂಜಾನೆ ಏಳಲೇ ಇಲ್ಲ. ಸತ್ತವನ ಓಲೆಗಳನ್ನು ಅವನೊಡನೆಯೇ ಸುಡುವುದು ಆ ಊರಿನ ಸಂಪ್ರದಾಯ. ಹಣ ಕೋಠಿಯಲ್ಲಿ ಭದ್ರವಾಗಿದೆ ಎಂದು ಗುಮಾಸ್ತ ದಿನವೂ ಒಪ್ಪಿಕೊಳ್ಳುತ್ತಿದ್ದ, ಕೊಡುತ್ತಿರಲಿಲ್ಲ ಅಷ್ಟೆ. ಹೊಸ ಜಾಮೀನಿಗಾಗಿ ಮಾಳಿಂಗ ಮನೆಮನೆ ಅಲೆದ, ಯಾರೂ ಒಪ್ಪಲಿಲ್ಲ. ಇನ್ನು ಒಂಬತ್ತು ದಿನ ಕಳೆದರೆ ದಿಕ್ಕಿಲ್ಲದ ಹಣವೆಂದು ಅದೂ ಬೊಕ್ಕಸದ ಪಾಲು. ಅವನು ಮೂಟೆ ಇಳಿಸಿ ಅರಮನೆಯ ದಾರಿ ಹಿಡಿದ.

ಕೋಟೆಯ ಬಾಗಿಲಲ್ಲಿ ಸೋತವರ ತಲೆಗಳಿದ್ದವು. ಪರದೇಶಿಗಳ ತಲೆಯ ಕೆಳಗೆ ಅವರವರ ಅರ್ಧ ಓಲೆ ನೇತಾಡುತ್ತಿತ್ತು. ಮಾಳಿಂಗ ಎಣಿಸಲು ಹೋಗಿ ನಡುವೆಯೇ ಬಿಟ್ಟ.

ಅವನಿಗಿಂತ ಮುಂದೆ ಇಬ್ಬರಿದ್ದರು. ಮೊದಲನೆಯವನು ರತ್ನದ ವ್ಯಾಪಾರಿಯ ಮಗ. ಅವನಿಗೆ ಕನಕಾಂಬೆ ಹೇಳಿದಳು: "ಒಂದು ಬಾಗಿಲಿದೆ. ಅದರ ಬೀಗದ ಕೈ ಒಳಗಿನ ಗೂಟದಲ್ಲಿದೆ. ಒಳಗಿರುವವರಿಗೆ ಅದು ಬೇಕಿಲ್ಲ, ಬೇಕಾದವನು ಹೊರಗಿದ್ದಾನೆ. ಯಾವ ಬಾಗಿಲದು?" ಅವನು ಮೀಸೆ ತಿರುವಿ, ರಾಜಕುಮಾರಿಯ ಮನಸ್ಸು ಎಂದ. ಎಳೆದೊಯ್ಯುವಾಗಲೂ ಅವನ ನಗೆ ಮಾಸಿರಲಿಲ್ಲ, ತಮಾಷೆಯೆಂದುಕೊಂಡಿದ್ದನೋ ಏನೋ.

ಪಾಳೆಯಗಾರನ ಮಗ ಹೆದರಿ ಎರಡನೆಯ ಒಗಟನ್ನು ಮೊದಲು ಕೇಳಬೇಕೆಂದು ಬೇಡಿಕೊಂಡ. ಕನಕಾಂಬೆ ಕೇಳಿದಳು: "ಮನೆಗೆಂದು ಹೊರಟಾಗ ಆನೆ, ಮೂರು ಹೊಸ್ತಿಲು ದಾಟಿ ಮನೆ ಮುಟ್ಟುವಾಗ ಆಡು. ಯಾರೂ ಕದ್ದಿಲ್ಲ, ಉಪವಾಸ ಕೆಡವಿಲ್ಲ. ಏನದು?" ಸೋತ ಸೈನ್ಯ ಎಂದ ಅವನು. ಅವನನ್ನು ಹೊತ್ತುಕೊಂಡೇ ಹೋಗಬೇಕಾಯಿತು.

ಮಾಳಿಂಗನ ಕಂಬಳಿ ನೋಡಿ ಸಭೆ ಮುಸಿಮುಸಿ ನಕ್ಕಿತು. ಅವನು ಕೈಮುಗಿದು ಹೇಳಿದ, "ಮೊದಲನೇದು ಈ ಊರಿನ ನಂಬಿಕಿ, ತಾಯಿ. ಬಾಡಿಗಿ ಮನಿ ಕೇಳಿದರ ಕೋಠಿಯೊಳಗ ಲೆಕ್ಕ ಐತೇನು ಅಂದರು. ಕೋಠಿಗೆ ಹೋದರ ಊರಾಗ ಮನಿ ಐತೇನು ಅಂದರು. ನಂಬಿಕಿ ಇದ್ದವಗ ಅಷ್ಟ ನಂಬಿಕಿ ಸಿಗತೈತಿ."

ನಗು ನಿಂತಿತು. ಎರಡನೆಯದು ಊರಿಗೆ ಕಳಿಸುವ ದುಡ್ಡು ಎಂದು ಅವನು ತನ್ನ ಕತೆಯನ್ನೇ ಹೇಳಿದ. ಮೊದಲ ವರ್ಷ ತಂಗಿಗೆ ಹತ್ತು ವರಹ ಕಳಿಸಿದ್ದ. ನಾಣ್ಯ ಬದಲಿಸಿದ ಸರಾಫ ವಟ್ಟವೆಂದು ಒಂದಿಷ್ಟು ಮುರಿದುಕೊಂಡ, ಹಣದ ಹುಂಡಿಚೀಟಿ ಬರೆದವನು ಕೂಲಿ ಮುರಿದುಕೊಂಡ, ಊರಲ್ಲಿ ಆ ಚೀಟಿಗೆ ಹಣ ಕೊಟ್ಟ ದಲ್ಲಾಳಿ ತನ್ನ ಪಾಲು ಮುರಿದುಕೊಂಡ. ಮುಟ್ಟಿದ್ದು ಮೂರು ವರಹ. ಯಾರೂ ಕದಿಯಲಿಲ್ಲ, ಎಲ್ಲರೂ ರಸೀದಿ ಕೊಟ್ಟರು.

ಕನಕಾಂಬೆಯ ದನಿ ತಗ್ಗಿತು. "ಹಡಗಿನವನು ಇದಕ್ಕೆ ಬಾಡಿಗೆ ಕೇಳುವುದಿಲ್ಲ, ಸುಂಕದವನು ಬಿಚ್ಚಿ ನೋಡುವುದಿಲ್ಲ. ಕಳಿಸಿದವನು ಬರಿದಾಗುತ್ತಾನೆ, ಪಡೆದವರಿಗೆ ಹೊಟ್ಟೆ ತುಂಬುತ್ತದೆ. ಏನಿದು?"

ಮಾಳಿಂಗನಿಗೆ ತೋಚಲಿಲ್ಲ. ಕೊಡಲಿ ಹಿಡಿದವನು ಒಂದು ಹೆಜ್ಜೆ ಮುಂದೆ ಬಂದ. ತಂಗಿಗೆ ಇನ್ನು ಸುದ್ದಿ ಹೋಗುವುದೂ ಇಲ್ಲ ಎಂದುಕೊಂಡಾಗ ಕೊನೆಯ ಪತ್ರದ ನೆನಪಾಯಿತು. ಪೊನ್ನಯ್ಯನನ್ನು ಸುಟ್ಟು ಬಂದ ದಿನ, ಎರಡು ದಿನದ ಹಸಿವಿನಲ್ಲಿ, ಓಲೆಕಾರನಿಗೆ ಹೇಳಿ ಬರೆಸಿದ ಒಂದೇ ಸಾಲು. ಕಣ್ಣು ತುಂಬಿ ಬಂತು.

"ನಾನಿಲ್ಲಿ ಸುಖವಾಗಿದ್ದೇನೆ ಅನ್ನೋ ಮಾತು, ತಾಯಿ," ಎಂದ.

ಕನಕಾಂಬೆ ಎದ್ದು ನಿಂತಳು. "ನನ್ನ ತಾಯಿಯನ್ನೂ ಕಡಲಾಚೆಯಿಂದಲೇ ತಂದಿರಿ," ಎಂದು ತಂದೆಯತ್ತ ತಿರುಗಿ ಹೇಳಿದಳು. "ಸಾಯುವ ತನಕ ತವರಿಗೆ ಅದನ್ನೇ ಬರೆದಳು. ಮೂರೂ ಒಗಟು ಅವಳವು. ನೀವು ಅದರಲ್ಲೂ ಬೊಕ್ಕಸ ತುಂಬಿಕೊಂಡಿರಿ." ಅರಸ ತಲೆ ತಗ್ಗಿಸಿದ. ಇಷ್ಟು ಜನ ಸಾಯುವವರೆಗೆ ಅವಳೇಕೆ ಸುಮ್ಮನಿದ್ದಳೆಂದು ಸಭೆಯಲ್ಲಿ ಯಾರೂ ಕೇಳಲಿಲ್ಲ, ಅವಳಂತೂ ಆಮೇಲೆ ಎಂದೂ ನೆಮ್ಮದಿಯಾಗಿ ನಿದ್ದೆ ಮಾಡಲಿಲ್ಲ.

ಮಾಳಿಂಗ ಕೇಳಿದ ವರ ಇಷ್ಟೇ: ತನ್ನ ತೊಂಬತ್ತು ವರಹ, ಬಾಗಿಲಲ್ಲಿ ತೂಗುವ ಓಲೆಗಳ ಹಣ ಅವರವರ ಮನೆಗೆ. ತುಂಬಿದ ಸಭೆಯಲ್ಲಿ ಕೊಟ್ಟ ಮಾತು, ಅರಸ ನುಂಗುವಂತಿರಲಿಲ್ಲ. ಮಾಳಿಂಗನಿಗೆ ಕನಕಾಂಬೆಯೇ ಜಾಮೀನು ನಿಂತು ಹೊಸ ಓಲೆ ಸೀಳಿಸಿದಳು. ವಟ್ಟ ಮುರಿಯದೆ ಹಣ ಹಡಗೇರಿತು. ತಂಗಿ ಬಿಡುಗಡೆಯಾದ ಸುದ್ದಿ ಬಂದ ಮೇಲೆಯೇ ಮದುವೆ ಎಂದು ಮಾಳಿಂಗ ಹೇಳಿದ, ಅವಳು ಒಪ್ಪಿದಳು.

ಐದು ತಿಂಗಳಿಗೆ ಸಿದ್ದವ್ವನ ಓಲೆ ಬಂತು. ಓದು ಬಾರದ ಮಾಳಿಂಗನಿಗೆ ಕನಕಾಂಬೆಯೇ ಓದಿ ಹೇಳಿದಳು. ಅಣ್ಣಾ, ಹಣ ಮುಟ್ಟಿತು. ಒಡೆಯರು ಒಳ್ಳೆಯವರು. ನೀನು ಅಷ್ಟು ದೂರದಿಂದ ಬರುವುದು ಬೇಡ.

ಮುಂದಿನ ಸಾಲಿನ ಮೇಲೆ ಅವಳು ಬೆರಳಿಟ್ಟಳು. "ನಾನಿಲ್ಲಿ ಸುಖವಾಗಿದ್ದೇನೆ," ಎಂದು ನಿಧಾನವಾಗಿ ಓದಿದಳು.

ಅವಳು ಓಲೆ ಮಡಿಸಿ ಅವನ ಕೈಗಿಟ್ಟು, ಮರುದಿನ ಹೊರಡುವ ಹಡಗಿನಲ್ಲಿ ಇಬ್ಬರಿಗೆ ಜಾಗ ಇಡಲು ಬಂದರಿಗೆ ಹೇಳಿಕಳಿಸಿದಳು.